ಹಮಾಲರ ಹುಡುಗರ ಪಾಲಾದ ರವಿವಾರಗಳು

ನೆನೆದ ಶೇಂಗಾ ಹಿಂಡಿಯ ವಾಸನೆ ಬಂದರೆ ಸಾಕು, ನನಗೆ ಈಗಲೂ ಹೊಟ್ಟೆಕಿಚ್ಚಾಗುತ್ತದೆ. ನಗಬೇಡಿ. ಬೇರೆಯವರ ಬಾಲ್ಯ ಮಲ್ಲಿಗೆ ಹೂವಿನಲ್ಲೋ ಹೊಸ ಪುಸ್ತಕದಲ್ಲೋ ಇರುತ್ತದಂತೆ, ನನ್ನದು ಎಮ್ಮೆಗೆ ಹಾಕುವ ಹಿಂಡಿಯಲ್ಲಿದೆ, ಏನು ಮಾಡಲಿ. ಮೊನ್ನೆ ಹಾವೇರಿಯಲ್ಲಿ ನಮ್ಮ ಓಣಿಯ ಹಾಲಿನವರ ಮನೆಯ ಮುಂದೆ ಹಾದು ಬರುವಾಗ ಬಕೀಟಿನಲ್ಲಿ ನೆನೆಯುತ್ತಿದ್ದ ಹಿಂಡಿ ಮೂಗಿಗೆ ಬಡಿಯಿತು. ಕಾಯಿಪಲ್ಲೆಯ ಚೀಲ ಹಿಡಿದು ಅಲ್ಲೇ ನಿಂತುಬಿಟ್ಟೆ. ಬ್ಯಾಡಗಿ ಸ್ಟೇಷನ್ನಿನ ಹಿಂದಿದ್ದ ನಮ್ಮ ಮನೆ, ಅದರ ಹಿತ್ತಲು, ಶನಿವಾರದ ಇಳಿಹೊತ್ತು, ಧೋತರ ಮೇಲೆ ಕಟ್ಟಿ ಕುಕ್ಕರಗಾಲಲ್ಲಿ ಕೂತು ಹಳೆಯ ಬುಟ್ಟಿಯಲ್ಲಿ ಹಿಂಡಿ ಪುಡಿ ಮಾಡುವ ಅಪ್ಪ, ಎಲ್ಲ ಒಮ್ಮೆಲೇ ಬಂದವು. ಆ ಮನೆ ಈಗಿಲ್ಲ. ಹಿತ್ತಲಿದ್ದ ಜಾಗದಲ್ಲಿ ಕೋಲ್ಡ್ ಸ್ಟೋರೇಜಿಗೆ ಬರುವ ಲಾರಿಗಳು ಸರದಿಗೆ ನಿಲ್ಲುತ್ತವೆ. ಗಾಳಿಯಲ್ಲಿನ ಮೆಣಸಿನಕಾಯಿ ಘಾಟು ಮಾತ್ರ ಹಾಗೇ ಇದೆ. ಪರ ಊರಿನವರು ಬಸ್ಸಿಳಿದ ಕೂಡಲೇ ಸೀನುತ್ತಾರೆ, ಆ ಊರಲ್ಲಿ ಹುಟ್ಟಿದ ನಾವು ಸೀನುವುದಿಲ್ಲ.

ಎಂಬತ್ತರ ದಶಕದ ಕೊನೆಯ ಮಾತಿದು. ಅಪ್ಪ ಮೆಣಸಿನಕಾಯಿ ಪೇಟೆಯ ಒಂದು ದಲಾಲಿ ಅಂಗಡಿಯಲ್ಲಿ ಗುಮಾಸ್ತ. ಪೇಟೆಯಲ್ಲಿ ಚೀಲ ಹೊರುವ ಹಮಾಲರು, ತೊಟ್ಟು ಬಿಡಿಸುವ ಹೆಂಗಸರು, ಅವರ ಬೆನ್ನಿಗೇ ಬೆಳೆಯುವ ಹುಡುಗರು. ಈ ಹುಡುಗರು ಸಾಲಿ ಬಿಟ್ಟು ಅಂಗಳದಲ್ಲಿ ಚೆಲ್ಲಿದ ಕಾಯಿ ಆರಿಸುತ್ತಿದ್ದರು, ಪೇಟೆ ಇಲ್ಲದ ದಿನ ಲಾರಿಗಳ ಅಡಿಯಲ್ಲಿ ಕೂತು ಇಸ್ಪೀಟಾಡುತ್ತಿದ್ದರು, ಬೀಡಿ ಸೇದುತ್ತಿದ್ದರು. ಅದನ್ನು ನೋಡಿ ಅಪ್ಪನಿಗೆ ಏನನ್ನಿಸಿತೋ, ಒಂದು ರವಿವಾರ ಒಂದಷ್ಟು ಹುಡುಗರನ್ನು ಕಟ್ಟಿಕೊಂಡು ತಾನು ಹುಟ್ಟಿದ ಮೇಡ್ಲೇರಿಗೆ, ತುಂಗಭದ್ರೆಯ ದಂಡೆಗೆ ಹೋದ. ಮೀನು ಹಿಡಿಯುವುದನ್ನು ಕಲಿಸಲಿಕ್ಕೆ. ನಮ್ಮ ಮನೆಯಲ್ಲಿ ಮೀನು ತಿನ್ನುವುದಿರಲಿ, ಹೆಸರೆತ್ತಿದರೂ ಅಜ್ಜಿ ಕಿವಿ ಮುಚ್ಚಿಕೊಳ್ಳುವವಳು. ಅಪ್ಪನೂ ಜನ್ಮದಲ್ಲಿ ಮೀನು ತಿಂದವನಲ್ಲ. ಆದರೆ ಹೊಳೆದಂಡೆಯಲ್ಲಿ ಬೆಳೆದವನಾದ್ದರಿಂದ ಹಿಡಿಯುವುದು ಮಾತ್ರ ಚೆನ್ನಾಗಿ ಗೊತ್ತಿತ್ತು. ಸೈಕಲ್ ರಿಪೇರಿ ಅಂಗಡಿಯ ಖಾದರ ಕಾಕಾ ಜೊತೆಯಾದರು. ಬಿದಿರಿನ ಕೋಲು, ನೀರಲ್ಲಿ ತೇಲಿಬಿಡುವ ಜೋಳದ ದಂಟಿನ ಬೆಂಡು, ದಾರ, ಗಾಳ ಎಲ್ಲ ಹೊಂದಿಸುವುದು ಅವರ ಕೆಲಸ. ಮಾಡೆಂದು ಯಾರೂ ಕೇಳಿರಲಿಲ್ಲ, ಅದಕ್ಕೆ ಯಾರೂ ದುಡ್ಡು ಕೊಡುವವರಿರಲಿಲ್ಲ. ಆಮೇಲೆ ಪ್ರತಿ ರವಿವಾರವೂ ಅದೇ ಆಯಿತು: ಬೆಳಗಿನ ಪ್ಯಾಸೆಂಜರಿಗೆ ರಾಣೇಬೆನ್ನೂರು, ಅಲ್ಲಿಂದ ಬಸ್ಸು. ಸಂಜೆ ಹಿತ್ತಲ ಬಾಗಿಲಿಂದ ಬಂದು ಬಚ್ಚಲಲ್ಲಿ ಮೈ ತೊಳೆದುಕೊಂಡ ಮೇಲೆಯೇ ಅಪ್ಪನಿಗೆ ಒಳಗೆ ಪ್ರವೇಶ. ಅಜ್ಜಿ ತಪ್ಪದೆ ಅನ್ನುತ್ತಿದ್ದಳು, "ಮನಿಗೆ ಮಾರಿ, ಊರಿಗೆ ಉಪಕಾರಿ."

ಅಜ್ಜಿಯ ಆ ಮಾತಿಗೆ ನಾನು ಮನಸ್ಸಿನಲ್ಲೇ ಹೌದು ಹೌದು ಎನ್ನುತ್ತಿದ್ದೆ. ವಾರವೆಲ್ಲ ಅಪ್ಪ ಪೇಟೆಯಲ್ಲಿ. ಮನೆಗೆ ಬಂದರೆ ಉಂಡು ಮಲಗುವವನು, ನನ್ನ ಜೊತೆ ಆಡುವ ಮಾತೆಂದರೆ "ಓದೀದೇನವಾ?" ಅಷ್ಟೇ. ಇದ್ದದ್ದೊಂದು ರವಿವಾರ, ಅದೂ ಆ ಹುಡುಗರಿಗೆ. ನಾನು ಒಬ್ಬಳೇ ಮಗಳು, ಅಪ್ಪ ಪೂರ್ತಿ ನನ್ನವನಾಗಿರಬೇಕಿತ್ತು. ಹೊಳೆಯಲ್ಲಿ ಈಜು ಕಲಿಸುತ್ತಾನಂತೆ, ಹಕ್ಕಿಯ ಕೂಗು ಕೇಳಿ ಯಾವುದೆಂದು ಹೇಳುತ್ತಾನಂತೆ, ಮರಳಲ್ಲಿ ಕುಸ್ತಿ ಹಿಡಿಸುತ್ತಾನಂತೆ, ನಗುತ್ತಾನಂತೆ. ಅಪ್ಪ ಜೋರಾಗಿ ನಗುವುದನ್ನು ನಾನು ಕೇಳಿದ್ದೇ ಇಲ್ಲ. ಆ ಹುಡುಗರು ಮೊದಲು "ಗುಮಾಸ್ತರ" ಎನ್ನುತ್ತಿದ್ದವರು ಬರಬರುತ್ತ "ಅಪ್ಪಾರ" ಎನ್ನತೊಡಗಿದರು. ಹಿತ್ತಲ ಬಾಗಿಲಲ್ಲಿ ಆ ಕೂಗು ಕೇಳಿದರೆ ನನ್ನ ಮೈಯೆಲ್ಲ ಉರಿಯುತ್ತಿತ್ತು.

ಅವರಲ್ಲಿ ಫಕೀರಪ್ಪನೆಂಬವನೊಬ್ಬ. ತೊಟ್ಟು ಬಿಡಿಸುವ ಹೆಂಗಸೊಬ್ಬಳ ಮಗ, ತಂದೆ ಇಲ್ಲ, ನನ್ನ ವಾರಿಗೆಯವನೇ, ಕೆಲವು ತಿಂಗಳಷ್ಟೇ ಚಿಕ್ಕವನು. ಅಪ್ಪನ ಬಾಯಲ್ಲಿ ಸದಾ ಅವನೇ. ಫಕೀರ್ಯಾ ಗಾಳ ಕಟ್ಟೂದ ನೋಡಬೇಕು, ಫಕೀರ್ಯಾನ ತಾಳ್ಮಿ ದೊಡ್ಡವರಿಗೂ ಇಲ್ಲ. ನಾನು ಕ್ಲಾಸಿಗೆ ಮೊದಲು ಬಂದಾಗ ಅಪ್ಪ "ಚಲೋ ಆತು" ಎಂದ. ಅವನು ಮೊಳದುದ್ದದ ಗೆಂಡೆಮೀನು ಹಿಡಿದ ದಿನ ಮಾತ್ರ ಊಟದ ಉದ್ದಕ್ಕೂ ಅದೇ ಕಥೆ. ಅವ್ವ ನನ್ನ ಮುಖ ನೋಡಿ ಅಪ್ಪನಿಗೆ ಕಣ್ಸನ್ನೆ ಮಾಡಿದಳು, ಅಪ್ಪನಿಗೆ ತಿಳಿಯಲಿಲ್ಲ. ಆ ಹುಡುಗನಿಗೆ ಜ್ವರ ಬರಲಿ ಎಂದು ಹನುಮಪ್ಪನ ಗುಡಿಯಲ್ಲಿ ಬೇಡಿಕೊಂಡಿದ್ದೂ ಉಂಟು. ಬಂತು, ಆದರೆ ಜ್ವರ ಬಂದವನನ್ನು ನೋಡಲು ಅಪ್ಪ ದಿನಾ ಅವರ ಗುಡಿಸಲಿಗೆ ಹೋದ. ಅಲ್ಲಿಗೆ ಆ ದೇವರ ಸಹವಾಸ ಬಿಟ್ಟೆ.

ನನಗೆ ಬೇಕಾದದ್ದು ಒಂದೇ: ಒಂದು ರವಿವಾರ ಅಪ್ಪನ ಜೊತೆ ಹೊಳೆಗೆ ಹೋಗಬೇಕು. ಅಜ್ಜಿ ಬೇಡವೆಂದಳು, ಗಂಡುಹುಡುಗರ ಹಿಂಡಿನಲ್ಲಿ ಹುಡುಗಿಗೇನು ಕೆಲಸ. ಅಪ್ಪ ತಲೆ ಕೆರೆದುಕೊಂಡ. ನಾನು ಎರಡು ಹೊತ್ತು ಊಟ ಬಿಟ್ಟೆ. ಕೊನೆಗೆ ಅವ್ವನೇ ಗಟ್ಟಿ ಮಾಡಿ ಹೇಳಿದಳು, "ಇನ್ನೊಂದ ವರ್ಷಕ್ಕ ದೊಡ್ಡಾಕಿ ಆಗ್ತಾಳ. ಆಮ್ಯಾಲ ನಾನ ಕಳಸೂದಿಲ್ಲ. ಈಗ ಕರಕೊಂಡ ಹೋಗ್ರಿ." ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಬೆಳಿಗ್ಗೆ ಅವ್ವ ಜೋಳದ ರೊಟ್ಟಿ, ಕೆಂಪು ಮೆಣಸಿನಕಾಯಿ ಚಟ್ನಿ, ಮೊಸರು ಕಟ್ಟಿಕೊಟ್ಟಳು.

ಹೊಳೆ ಮುಟ್ಟಿದ ಮೇಲೆ ಅಪ್ಪನ ಒಂದು ಪದ್ಧತಿ ಕಣ್ಣಾರೆ ಕಂಡೆ. ವಾರವೆಲ್ಲ ಮೆಣಸಿನಕಾಯಿಯಲ್ಲಿ ಆಡಿದ ಕೈಗಳು, ಖಾರ ಚರ್ಮದೊಳಗೆ ಇಳಿದಿರುತ್ತದೆ. ಆ ಕೈಯಿಂದ ಹಿಂಡಿ ನಾದಿ ಗಾಳಕ್ಕೆ ಹಚ್ಚಿದರೆ ಮೀನು ಹತ್ತಿರ ಸುಳಿಯುವುದಿಲ್ಲ ಎಂಬುದು ಅಪ್ಪನ ನಂಬಿಕೆ. ಅದಕ್ಕೆ ಹುಡುಗರೆಲ್ಲ ಕೈಗೆ ಎಣ್ಣೆ ಹಚ್ಚಿ, ಬೂದಿಯಿಂದ ತಿಕ್ಕಿ, ಹೊಳೆಯಲ್ಲಿ ತೊಳೆದುಕೊಂಡು ಸಾಲಾಗಿ ಬರಬೇಕು. ಅಪ್ಪ ಮಂಡಿಯೂರಿ ಕಣ್ಣು ಮುಚ್ಚಿ ಮುಖ ಮುಂದೆ ಮಾಡುತ್ತಿದ್ದ. ಒಬ್ಬೊಬ್ಬನೂ ತನ್ನ ಬೆರಳನ್ನು ಅಪ್ಪನ ರೆಪ್ಪೆಯ ಮೇಲೆ ಒತ್ತಬೇಕು. ಉರಿದರೆ ಮತ್ತೆ ತೊಳಿ, ಉರಿಯದಿದ್ದರೆ ಪಾಸು. ಎಂಥೆಂಥ ಪುಂಡ ಹುಡುಗರು ಉಸಿರು ಬಿಗಿಹಿಡಿದು ಅಷ್ಟು ಮೆಲ್ಲಗೆ ಬೆರಳಿಡುತ್ತಿದ್ದರು. ನಾನೂ ಸಾಲಿನಲ್ಲಿ ನಿಂತೆ. ನನ್ನ ಪಾಳಿ ಬಂದಾಗ ಅಪ್ಪ ಕಣ್ಣು ತೆರೆದು ನಕ್ಕ. "ನಿಂದು ಸಾಲಿ ಕೈ. ನಿನಗ ಬ್ಯಾಡವಾ, ನಡಿ" ಎಂದು ಎದ್ದೇಬಿಟ್ಟ.

ಅಷ್ಟೇ ಆಗಿದ್ದರೆ ನುಂಗಿಕೊಳ್ಳುತ್ತಿದ್ದೆ. ಹೊಸಬರಿಗೆ ಅಪ್ಪ ತಾನು ಕಲಿಸುವುದಿಲ್ಲವಂತೆ, ಕಲಿತ ಹುಡುಗನೇ ಕಲಿಸಬೇಕಂತೆ, ಹಾಗೆ ಮಾಡಿದರೆ ಹುಡುಗರಿಗೆ ಜವಾಬ್ದಾರಿ ಬರುತ್ತದಂತೆ. ನನ್ನನ್ನು ಯಾರ ಕೈಗೆ ಒಪ್ಪಿಸಿದ ಹೇಳಿ. ಫಕೀರಪ್ಪನ ಕೈಗೆ. ವರ್ಷವೆಲ್ಲ ಹಂಬಲಿಸಿ, ಉಪವಾಸ ಮಾಡಿ ಬಂದವಳು ಅವನ ಮಗ್ಗುಲಲ್ಲಿ ಕಲ್ಲಿನ ಮೇಲೆ ಕೂತೆ. ಅಪ್ಪ ದೂರದ ತಿರುವಿನಲ್ಲಿ ಚಿಕ್ಕ ಹುಡುಗರ ನಡುವೆ, ನಗುವುದು ಮಾತ್ರ ಇಲ್ಲಿಗೆ ಕೇಳುತ್ತಿತ್ತು. ಸಿಟ್ಟಿಗೆ ಬುತ್ತಿ ಬಿಚ್ಚಿ ರೊಟ್ಟಿ ಚಟ್ನಿ ತಿಂದೆ, ಕೈಯನ್ನು ಲಂಗಕ್ಕೆ ಒರೆಸಿ ಹಿಂಡಿ ನಾದಿದೆ. ಬ್ಯಾಡಗಿಯವರಿಗೆ ಚಟ್ನಿ ಖಾರವೆಂದು ನೆನಪಿರುವುದಿಲ್ಲ. ಬಿಸಿಲು ನೆತ್ತಿಗೆ ಬಂದರೂ ನಮ್ಮ ಬೆಂಡು ಅಲುಗಲಿಲ್ಲ. ಎಲ್ಲರಿಗೂ ಮೀನು, ನಮಗಿಲ್ಲ. ಫಕೀರಪ್ಪ ಹಿಂಡಿಯ ಉಂಡೆ ಮೂಸಿ, ನನ್ನ ಬುತ್ತಿಯ ಕಡೆ ನೋಡಿದ.

ಅಪ್ಪ ಬಂದ. ಉಂಡೆ ಮೂಗಿಗೆ ಹಿಡಿದವನೇ ಕೇಳಿದ, "ಯಾರು ನಾದಿದ್ದು ಇದನ್ನ?"

"ನಾನ ರೀ ಅಪ್ಪಾರ. ಕೈ ಸರಿ ತೊಳದಿದ್ದಿಲ್ಲ" ಎಂದ ಫಕೀರಪ್ಪ.

ನನಗೆ ತಡೆಯಲಾಗಲಿಲ್ಲ. ಸತ್ಯದ ಮೇಲಿನ ಪ್ರೀತಿಗಲ್ಲ, ಆ ಬೈಗುಳವೂ ಅವನಿಗೇ ಹೋಗುತ್ತದಲ್ಲ ಎಂದು. "ಅವನಲ್ಲ, ನಾನು. ಚಟ್ನಿ ತಿಂದ ಕೈಲೆ ನಾದೇನಿ" ಎಂದೆ.

"ನೀ ಅವನ ಪರ ಸುಳ್ಳ ಹೇಳಬ್ಯಾಡ" ಎಂದ ಅಪ್ಪ.

"ಖರೇ ಅಪ್ಪಾ, ನಾನ."

ಅಪ್ಪನಿಗೆ ನನ್ನ ಒಳ್ಳೆಯತನದ ಮೇಲೆ ಎಷ್ಟು ನಂಬಿಕೆ. ನನ್ನ ತಲೆ ಸವರಿ, ಅವನ ರಟ್ಟೆ ಹಿಡಿದು ನೀರಿಗೆ ಇಳಿಸಿದ. ಬೈದ, ಬೈಯುತ್ತಲೇ ಆ ಕೈಗಳನ್ನು ತನ್ನ ಕೈಯೊಳಗೆ ತೆಗೆದುಕೊಂಡು ಬೆರಳಿನ ಸಂದಿ ಸಂದಿಯನ್ನೂ ಬೂದಿ ಹಚ್ಚಿ ತಿಕ್ಕಿ ತೊಳೆದ. ಆಮೇಲೆ ಮೊಣಕಾಲುದ್ದದ ನೀರಿನಲ್ಲಿ ಬಗ್ಗಿ ಕಣ್ಣು ಮುಚ್ಚಿದ. ಫಕೀರಪ್ಪ ಬೆರಳಿಟ್ಟ. ನಾನು ಲಂಗ ಎತ್ತಿ ಹಿಡಿದು ನೀರಿಗಿಳಿದು ನನ್ನ ಕೈಯನ್ನೂ ಚಾಚಿದೆ. "ನಂದೂ ನೋಡು" ಎಂದೆ. "ನಿಂದೇನ ನೋಡೂದವಾ" ಎಂದು ಅಪ್ಪ ದಂಡೆ ಹತ್ತಿದ. ಖಾರ ಇದ್ದ ಕೈ ನನ್ನದೇ. ತಿರುಗಿ ಬರುವಾಗ ರೈಲಿನಲ್ಲಿ ಕಿಟಕಿಗೆ ಮುಖ ಮಾಡಿ ಅತ್ತೆ, ಗಾಳಿಗೆ ಕಣ್ಣಲ್ಲಿ ಕಸ ಬಿತ್ತೆಂದೆ.

ಅವ್ವ ಹೇಳಿದ ಹಾಗೆ ಮರುವರ್ಷ ನಾನು ದೊಡ್ಡವಳಾದೆ, ಮತ್ತೆ ಹೋಗಲಿಲ್ಲ. ಅಜ್ಜಿ ತೀರಿಕೊಂಡಳು. ಹುಡುಗರು ದೊಡ್ಡವರಾಗಿ ಒಬ್ಬ ಡ್ರೈವರ್ ಆದ, ಒಬ್ಬ ಖಾದರ ಕಾಕಾನ ಅಂಗಡಿಯಲ್ಲೇ ನಿಂತ, ಫಕೀರಪ್ಪ ರಾಣೇಬೆನ್ನೂರಿನಲ್ಲಿ ಬಡಗಿ ಕೆಲಸ ಹಿಡಿದ. ಅವರ ತಮ್ಮಂದಿರು ಬಂದರು, ರವಿವಾರಗಳು ನಡೆದೇ ಇದ್ದವು. ನನ್ನನ್ನು ಹಾವೇರಿಗೆ ಕೊಟ್ಟರು. ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಅಪ್ಪನ ಎದೆಬಡಿತ ಒಂದು ಮಧ್ಯಾಹ್ನ ಅಂಗಡಿಯಲ್ಲೇ ನಿಂತಿತು.

ನಾನು ಹೋಗಿ ಮುಟ್ಟುವಷ್ಟರಲ್ಲಿ ಅಂಗಳ ತುಂಬ ಆ ಹುಡುಗರೇ. ಈಗ ಮೀಸೆ ಬಂದ ಗಂಡಸರು. ಅಪ್ಪನಿಗೆ ಸ್ನಾನ ಮಾಡಿಸಲು ನೀರು ಹೊತ್ತವರು ಅವರು, ಕುಣಿ ತೋಡಿದವರು ಅವರು. ನನಗೆ ಬಿಟ್ಟ ಕೆಲಸವೆಂದರೆ ಅಳುವುದೊಂದೇ, ಅದರಲ್ಲೂ ಫಕೀರಪ್ಪ ನನಗಿಂತ ಜೋರು. ಕಂಬಕ್ಕೆ ತಲೆ ಬಡಿದುಕೊಂಡು ಅತ್ತ. ಓಣಿಯ ಹೆಂಗಸರು ನನ್ನನ್ನು ಬಿಟ್ಟು ಅವನಿಗೆ ನೀರು ಕುಡಿಸಿದರು. ಸುಳ್ಳೇಕೆ ಹೇಳಲಿ, ಅಪ್ಪನ ಹೆಣದ ಮುಂದೆ ಕೂತೂ ನನ್ನ ಹೊಟ್ಟೆ ಉರಿಯಿತು. ದುಃಖವಾದರೂ ನನಗೊಬ್ಬಳಿಗೇ ಇರಲಿ ಎಂದರೆ ಅದೂ ಪಾಲಾಯಿತು.

ಮಣ್ಣು ಮುಗಿಸಿ ಬಂದ ಮೇಲೆ ಮೇಡ್ಲೇರಿಯಿಂದ ಬಂದಿದ್ದ ಅಪ್ಪನ ದೂರದ ಸೋದರತ್ತೆ, ಕಣ್ಣು ಮಂಜಾದ ಮುದುಕಿ, ಗೋಡೆಗೆ ಆತು ಕೂತಿದ್ದ ಫಕೀರಪ್ಪನ ಗಲ್ಲ ಹಿಡಿದು ಕೇಳಿದಳು, "ನೀ ಅವನ ಮಗಾ ಏನಪಾ?"

ಫಕೀರಪ್ಪ ನನ್ನ ಮುಖ ನೋಡಿದ. ಅಂಗಳದಲ್ಲಿದ್ದವರೆಲ್ಲ ನನ್ನ ಮುಖ ನೋಡಿದರು.

"ಹೌದಬೇ" ಎಂದೆ. "ನಮ್ಮಪ್ಪನ ಮಗ."

ನನ್ನ ತಮ್ಮ ಎನ್ನಲು ನನಗೆ ಬಾಯಿ ಬರಲಿಲ್ಲ. ಇವತ್ತಿಗೂ ಬಂದಿಲ್ಲ.