ಬೆಲ್ಲು ಎಣಿಸುತ್ತಿದ್ದ ತಂತಿ ಮಾಸ್ತರರು

ನಮ್ಮ ತಂತಿ ಮಾಸ್ತರರ ಬಲಗಾಲಿನ ಮೀನಖಂಡದ ಮೇಲೆ ಸೈಕಲಿನ ಹಲ್ಲುಚಕ್ರದ ಕಪ್ಪು ಅಚ್ಚು ಸದಾ ಇರುತ್ತಿತ್ತು. ಪಂಚೆಯನ್ನು ಮೊಣಕಾಲಿನ ಮೇಲಕ್ಕೆ ಎತ್ತಿ ಕಟ್ಟುವವರು. ಬಟ್ಟೆಗೆ ಎಣ್ಣೆ ತಾಗಿದರೆ ಹೋಗುವುದಿಲ್ಲ, ಕಾಲನ್ನಾದರೆ ತೊಳೆಯಬಹುದು ಎಂಬುದು ಅವರ ವಾದ. ತೊಳೆದದ್ದನ್ನು ಮಾತ್ರ ನಾನು ನೋಡಿಲ್ಲ.

ವಾರವೆಲ್ಲ ತಂತಿ ಕಚೇರಿಯಲ್ಲಿ ಯಂತ್ರದ ಕಟಕಟಕ್ಕೆ ಕಿವಿಗೊಟ್ಟು ಕೂರುತ್ತಿದ್ದ ಮನುಷ್ಯ, ಭಾನುವಾರ ಬೆಳಿಗ್ಗೆ ಬಾವುಟಗುಡ್ಡೆಯಲ್ಲಿ ಸೈಕಲ್ ಹಿಡಿದು ನಿಲ್ಲುತ್ತಿದ್ದರು. ಬಂದವರನ್ನೆಲ್ಲ ಕಟ್ಟಿಕೊಂಡು ಕುದ್ರೋಳಿ, ಕೂಳೂರು, ಕಾವೂರು ಎಂದು ಊರು ಸುತ್ತಿಸುವುದು. ವಂತಿಗೆಯಿಲ್ಲ, ಜಾತಿ ಕೇಳುವುದಿಲ್ಲ. ಹಂಚಿನ ಕಾರ್ಖಾನೆಯ ಗುಮಾಸ್ತನಾದ ನನಗೂ ಬಂದರಿನ ಬ್ಯಾರಿಗಳಿಗೂ ಬೇಕರಿಯ ಲಿಗೋರಿಗೂ ಒಂದೇ ನಿಯಮ: ಒಬ್ಬ ನಿಂತರೆ ಎಲ್ಲರೂ ನಿಲ್ಲಬೇಕು.

ಮಾಸ್ತರರು ಮುಂದೆ ಇರುತ್ತಿದ್ದರು, ಹಿಂದೆ ತಿರುಗಿ ನೋಡುತ್ತಿರಲಿಲ್ಲ. ತಿರುವು ಬಂದಾಗ ಎಡಗೈ ಎತ್ತುವರು. ಆಗ ನಾವು ಸಾಲಾಗಿ ಒಬ್ಬೊಬ್ಬರೇ ಒಂದೊಂದು ಸಲ ಬೆಲ್ಲು ಹೊಡೆಯಬೇಕು. ಅವರು ಎಣಿಸಿ, "ಏಳೂ ಉಂಟು, ಹೋಗುವ" ಎನ್ನುವರು. ಒಂದು ಕಡಿಮೆಯಾದರೆ ಸೈಕಲ್ ಇಳಿದೇಬಿಟ್ಟರು.

ಆ ಭಾನುವಾರ ನನ್ನ ತಂಗಿಯನ್ನು ನೋಡಲು ಗಂಡಿನವರು ಬರುವವರಿದ್ದರು. ಹತ್ತು ಗಂಟೆಯೊಳಗೆ ನಾನು ಮನೆಯಲ್ಲಿರಬೇಕಿತ್ತು. ಕಾವೂರು ದಾಟಿದ ಮೇಲೆ ಕೊನೆಯವನಾಗಿದ್ದ ಲಿಗೋರಿ ಹಿಂದೆ ಕಾಣಲಿಲ್ಲ. ಗೇರುಹಣ್ಣು ಕಂಡಲ್ಲೆಲ್ಲ ಇಳಿಯುವ ಆಸಾಮಿ ಅವನು. ಅವನಿಲ್ಲವೆಂದು ಹೇಳಿದರೆ ಕಾಯುವುದರಲ್ಲೇ ಅರ್ಧ ಗಂಟೆ ಹೋಗುತ್ತಿತ್ತು. ಮಾಸ್ತರರ ಕೈ ಮೇಲೆದ್ದಿತು. ಆರನೆಯವನಾದ ನಾನು ಬೆಲ್ಲು ಹೊಡೆದೆ. ಸ್ವಲ್ಪ ತಡೆದು ಇನ್ನೊಮ್ಮೆ ಹೊಡೆದೆ. ಅವರ ಸೈಕಲ್ ಒಂದು ಕ್ಷಣ ನಿಧಾನವಾಯಿತು. ಆಮೇಲೆ, "ಏಳೂ ಉಂಟು" ಎಂದರು.

ಸಂಜೆ ಮಾಸ್ತರರು ನಮ್ಮ ಮನೆಯ ಅಂಗಳಕ್ಕೆ ಬಂದರು. ಕೂರಿ ಎಂದರೂ ಕೂರಲಿಲ್ಲ.

"ಲಿಗೋರಿ ಕಲ್ಲು ಕಡಿಯುವ ಕೋರೆಗೆ ಬಿದ್ದಿದ್ದ, ಮಾರಾಯ. ಎರಡು ಗಂಟೆ ಬಿಸಿಲಲ್ಲಿ ಬೊಬ್ಬೆ ಹೊಡೀತಾ ಇದ್ದನಂತೆ. ತೊಡೆಯ ಎಲುಬು ಎರಡು ತುಂಡಾಗಿ ಉಂಟು."

ನಾನು ಹಿಂದಿನ ಬಾಗಿಲನ್ನು ಅರ್ಧ ಎಳೆದುಕೊಂಡೆ.

"ಎರಡೂ ನಿನ್ನದೇ ಬೆಲ್ಲು ಅಂತ ಕಿವಿಗೆ ಗೊತ್ತಾಗಿತ್ತು. ಆದರೆ ನೀನು ಹಾಗೆ ಮಾಡ್ತೀ ಅಂತ ಎಣಿಸ್ಲಿಕ್ಕೆ ಮನಸ್ಸಾಗಲಿಲ್ಲ. ಅದು ನನ್ನ ತಪ್ಪೇ ಅಲ್ವಾ?" ಎಂದರು. ಒಳಗಿನಿಂದ ತಂಗಿಯ ನಗು ಕೇಳಿಸಿತು. ಅವರು ದನಿ ತಗ್ಗಿಸಿದರು. "ಲೆಕ್ಕ ತಪ್ಪಿದ್ದು ನನಗೆ ಅಂತ ಅವನ ಅಮ್ಮನ ಹತ್ರ ಹೇಳಿ ಬಂದಿದ್ದೇನೆ. ನೀನು ಎಂತದೂ ಮಾತಾಡ್ಬೇಡ. ಮನೆಯಲ್ಲಿ ಮದುವೆಯ ಮಾತು ನಡೀತಾ ಉಂಟು."

ಬೇಡ ಮಾಸ್ಟ್ರೇ, ನಾನೇ ಹೇಳುತ್ತೇನೆ ಎನ್ನಬೇಕಿತ್ತು. ನಾನು ಆಗಲಿ ಎಂದು ತಲೆಯಾಡಿಸಿದೆ. ನಾಚಿಕೆಗಿಂತ ಮೊದಲು ನನಗೆ ಆದದ್ದು ಸಮಾಧಾನ; ಅದನ್ನು ಇಂದಿಗೂ ಕ್ಷಮಿಸಿಕೊಂಡಿಲ್ಲ.

ಲಿಗೋರಿಯ ತಾಯಿ ಬಂದರಿನ ನಡುರಸ್ತೆಯಲ್ಲಿ ಅವರಿಗೆ ಶಾಪ ಹಾಕಿದಳು. "ಏಳು ಜನರನ್ನು ಎಣಿಸ್ಲಿಕ್ಕೆ ಬಾರದವನಿಗೆ ಊರಿನ ತಂತಿ ಕೊಟ್ಟವರು ಯಾರು?" ಎಂದಳು. ಕಚೇರಿಯಲ್ಲೂ ಅದೇ ತಮಾಷೆಯಾಯಿತು. ತಮ್ಮ ಮಕ್ಕಳನ್ನು ಯಾರೂ ಕಳಿಸದಾದರು. ಮೂರು ಭಾನುವಾರ ಮಾಸ್ತರರು ಬಾವುಟಗುಡ್ಡೆಯಲ್ಲಿ ಒಬ್ಬರೇ ನಿಂತಿದ್ದರಂತೆ. ನಾನೂ ಹೋಗಲಿಲ್ಲ. ತಂಗಿಯ ಮದುವೆಗೆ ಬಂದರು, ಹೊಟ್ಟೆ ತುಂಬ ಉಂಡರು, ನನ್ನ ಬೆನ್ನು ತಟ್ಟಿ ಹೋದರು.

ಕೆಲವು ವರ್ಷಗಳ ಮೇಲೆ ಮಾಸ್ತರರು ವಿಷಮಜ್ವರದಲ್ಲಿ ತೀರಿಕೊಂಡರು. ಮಸಣದಿಂದ ಮರಳುವಾಗ ಲಿಗೋರಿ ಕುಂಟುತ್ತ ನನ್ನ ಜೊತೆ ಬಂದ.

"ಒಳ್ಳೆ ಜನ ಮಾರಾಯ," ಎಂದ. "ಪಾಪ, ನನ್ನ ವಿಷಯದಲ್ಲಿ ಒಂದು ಸಲ ಲೆಕ್ಕ ತಪ್ಪಿತು. ನಾನು ಅದನ್ನು ಯಾವಾಗಲೋ ಮನ್ನಿಸಿದ್ದೇನೆ."

ಆಗಲಾದರೂ ಹೇಳಬಹುದಿತ್ತು. ತಂಗಿಗೆ ಎರಡು ಮಕ್ಕಳಾಗಿದ್ದವು, ಕೆಡುವಂಥದ್ದು ಏನೂ ಉಳಿದಿರಲಿಲ್ಲ.

"ಹೌದು," ಎಂದೆ, "ಒಂದೇ ಸಲ."