ಅಪ್ಪ ಆರಿಸಿದ ಮೊಂಡ ಕೊಡಲಿ

ನಮ್ಮಪ್ಪನಿಗೆ ಊರಲ್ಲಿ ಒಂದು ಮರ್ಯಾದೆಯಿತ್ತು. ಅದು ಹೊಲದಿಂದ ಬಂದದ್ದಲ್ಲ, ಮನೆತನದಿಂದ ಬಂದದ್ದೂ ಅಲ್ಲ. ಬಲಗೈ ಹೆಬ್ಬೆರಳಿನಿಂದ ಬಂದದ್ದು. ಜೋಳದ ಸುಗ್ಗಿ ಹತ್ತಿರವಾದಾಗ ಊರವರು ಕುಡುಗೋಲು ತರಲು ಯಡ್ರಾಮಿಯ ಸಂತೆಗೆ ಹೊರಟರೆ ಅಪ್ಪನನ್ನು ಬಂಡಿಯಲ್ಲಿ ಕೂರಿಸಿಕೊಂಡೇ ಹೋಗುತ್ತಿದ್ದರು. ಅವನು ಕುಡುಗೋಲಿನ ಅಲಗಿನ ಮೇಲೆ ಹೆಬ್ಬೆರಳನ್ನು ಅಡ್ಡಡ್ಡ ಸವರಿ, ಕಣ್ಣು ಮುಚ್ಚಿ, “ಇದು ಸುಗ್ಗಿ ತಡೀತದ” ಎನ್ನುತ್ತಿದ್ದ, ಇಲ್ಲವೆ “ಇದು ಎಂಟ ದಿನಕ್ಕ ಸಾಯ್ತದ” ಎನ್ನುತ್ತಿದ್ದ. ಆ ಮಾತು ಸುಳ್ಳಾದದ್ದನ್ನು ನಾನು ಕಂಡಿಲ್ಲ. ಅದರ ಸೊಕ್ಕೂ ಅವನಿಗೆ ತುಸು ಇತ್ತೆನ್ನಿ. ಬದನೆಕಾಯಿ ಕೊಳ್ಳುವಾಗಲೂ ಹೆಬ್ಬೆರಳು ಒತ್ತಿಯೇ ನೋಡುವವನು.

ನನ್ನನ್ನು ಕೊಟ್ಟದ್ದು ಅಫಜಲಪುರದ ಕಡೆಯ ಕರಜಗಿಗೆ. ದೊಡ್ಡ ಲಡಾಯಿ ನಡೆದಿದ್ದ ಕಾಲ. ಚಿಮಣಿ ಎಣ್ಣೆಗೂ ತತ್ವಾರ, ಸೀರೆಗೂ ತತ್ವಾರ. ಹದಿನೇಳರ ಹೊತ್ತಿಗೆ ಬಸುರಾದೆ. ಚೊಚ್ಚಲು ಹೆರಿಗೆ ತವರಲ್ಲೇ ಆಗಬೇಕು, ಅದು ರೂಢಿ. ಆದರೆ ನನ್ನ ತವರಲ್ಲಿ ತಾಯಿ ಇರಲಿಲ್ಲ. ನನಗೆ ಹತ್ತು ತುಂಬುವ ಮೊದಲೇ ಅವ್ವ ತೀರಿಕೊಂಡಿದ್ದಳು. ಒಡಹುಟ್ಟಿದವರೂ ಇಲ್ಲ. ಮನೆಯಲ್ಲಿದ್ದದ್ದು ಅಪ್ಪ, ಎರಡು ಎತ್ತು, ಒಂದು ಎಮ್ಮೆ.

ಏಳು ತಿಂಗಳಿಗೆ ಕರಜಗಿಯಲ್ಲಿ ಸೀಮಂತದ ಕುಬಸ ಮಾಡಿದರು. ಉಡಿ ತುಂಬಿ, ಆರತಿಯಾದ ಮೇಲೆ ಅಪ್ಪ ನನ್ನನ್ನು ಕರೆದುಕೊಂಡು ಹೋಗುವ ಮಾತೆತ್ತಿದ. ನಮ್ಮತ್ತೆ ಒಳಗೊಂದು ಹೊರಗೊಂದು ಇಟ್ಟುಕೊಳ್ಳುವ ಹೆಂಗಸಲ್ಲ. ಬಂದ ನಂಟರೆದುರಿಗೇ ಕೇಳಿಬಿಟ್ಟಳು.

“ಬೀಗ್ರ, ಸಿಟ್ಟಾಗಬ್ಯಾಡ್ರಿ. ಹೆಣ್ಣ ದಿಕ್ಕಿಲ್ಲದ ಮನ್ಯಾಗ ಬಾಣಂತನ ಹ್ಯಾಂಗ ಆಗ್ತದ? ಸೂಲಗಿತ್ತಿ ಬಂದು ಎರದು ಹೋಗ್ತಾಳ ಅನ್ರಿ. ನೀರ ಕಾಯ್ಸೋರು ಯಾರು? ಹೊರಸಿನ ಕೆಳಗ ಕೆಂಡ ಹಾಕೋರು ಯಾರು?”

“ನಾ ಅದೀನಲ್ರಿ,” ಎಂದ ಅಪ್ಪ.

ಹೆಂಗಸರೆಲ್ಲ ಸೆರಗು ಬಾಯಿಗಿಟ್ಟು ನಕ್ಕರು. ಅತ್ತೆ ನಗಲಿಲ್ಲ. “ಹಂಗಾದ್ರ ದೀಪಾವಳಿ ಆದ ಮ್ಯಾಲ ನಾ ನಿಮ್ಮೂರಿಗೆ ಬರ್ತೇನಿ. ಬಾಣಂತನಕ್ಕ ಸಾಕಾಗೋ ಅಷ್ಟು ಗಟ್ಟಿ ಕಟಗಿ ಒಟ್ಟಿದ್ದು ಕಂಡ್ರ ಹುಡಗಿ ನಿಮ್ಮಲ್ಲೇ ಇರ್ಲಿ. ಕಾಣಲಿಲ್ಲಂದ್ರ ಅದೇ ಬಂಡ್ಯಾಗ ಕರ್ಕೊಂಡು ಬರ್ತೇನಿ. ಆತೇನ್ರಿ?”

“ಆತ್ರಿ,” ಎಂದು ಅಪ್ಪ ನನ್ನನ್ನು ಊರಿಗೆ ಕರೆತಂದ.

ಕಟ್ಟಿಗೆಯ ಮಾತು ಯಾಕೆ ಬಂತೆಂದರೆ, ನಮ್ಮದು ಎರೆನೆಲದ ಬಯಲು. ಒಲೆಗೆ ನಾವು ಹಾಕುವುದು ಹತ್ತಿಕಟ್ಟಿಗೆ, ತೊಗರಿಕಟ್ಟಿಗೆ, ಸಗಣಿಯ ಕುಳ್ಳು. ಕಡ್ಡಿಯಂಥ ಆ ಕಟ್ಟಿಗೆ ಭಗ್ಗೆಂದು ಉರಿದು ಬೂದಿಯಾಗುತ್ತದೆ. ರೊಟ್ಟಿಗೆ ಸಾಕು, ಬಾಣಂತಿಗೆ ಸಾಲದು. ದಿನಕ್ಕೆರಡು ಹಂಡೆ ನೀರು ಮರಳಬೇಕು, ಬಾಣಂತಿ ಮಲಗುವ ಹೊರಸಿನ ಕೆಳಗಿಡಲು ಬಹಳ ಹೊತ್ತು ನಿಲ್ಲುವ ಕೆಂಡ ಬೇಕು. ಅದಕ್ಕೆ ಜಾಲಿಯೇ ಆಗಬೇಕು. ಪುಣ್ಯಕ್ಕೆ ಆ ವರ್ಷದ ಮುಂಗಾರಿನ ಗಾಳಿಗೆ ನಮ್ಮ ಬದುವಿನ ಹಳೇ ಜಾಲಿಮರ ಬುಡಮೇಲಾಗಿತ್ತು. ಬಡಿಗ ಅದನ್ನು ಗರಗಸದಿಂದ ಮೊಳದುದ್ದ ತುಂಡು ಮಾಡಿ ಕೊಟ್ಟಿದ್ದ. ಇನ್ನು ಸೀಳುವುದಷ್ಟೇ ಬಾಕಿ. ತೊಗರಿಕಟ್ಟಿಗೆಯನ್ನು ಒಣಗಿಸಿ ಮುರಿಯುವಂತೆ ಇದನ್ನೂ ಒಣಗಿಸಿ ಸೀಳಿದರಾಯಿತೆಂದು ಅಪ್ಪ ಆ ತುಂಡುಗಳನ್ನು ದಸರೆಯ ತನಕ ಹಾಗೇ ಬಿಟ್ಟಿದ್ದ. ಒಣಗಿದ ಜಾಲಿ ಕಲ್ಲಿಗೆ ಸಮ ಎಂಬುದು ಗಿಡಮರ ಕಂಡ ಊರಿನವರಿಗೆ ಗೊತ್ತು. ನಮಗೆಲ್ಲಿ ಗೊತ್ತು?

ನಾನು ಬಾಯಿಬಿಟ್ಟು ಹೇಳಲಿಲ್ಲ, ಆದರೆ ನನಗೆ ತವರಲ್ಲೇ ಇರಬೇಕಿತ್ತು. ಅತ್ತೆಯ ಮನೆಯಲ್ಲಿ ಕೊರತೆಯಿರಲಿಲ್ಲ. ಹಾಗಂತ ಆ ಬಂಡಿ ಹತ್ತಿ ವಾಪಸು ಹೋದರೆ, ತಾಯಿ ಹೋದ ದಿನವೇ ಇವಳಿಗೆ ತವರೂ ಹೋಯಿತೆಂದು ಎರಡೂ ಊರಿನವರು ಅನ್ನುತ್ತಿದ್ದರು. ಅದನ್ನು ಕೇಳುವ ಶಕ್ತಿ ನನಗೂ ಇರಲಿಲ್ಲ, ಅಪ್ಪನಿಗಂತೂ ಇರಲೇ ಇಲ್ಲ.

ದಸರೆ ಮುಗಿದ ಮಾರನೆಯ ದಿನ ಅಪ್ಪ ಕಂಬಾರನ ಕುಲುಮೆಗೆ ಹೋದ. ಕಂಬಾರನಲ್ಲಿ ಮೂರು ಕೊಡಲಿಗಳಿದ್ದವಂತೆ. ಅಪ್ಪ ತನ್ನ ಪ್ರಸಿದ್ಧ ಹೆಬ್ಬೆರಳು ಸವರಿ, ಕಣ್ಣು ಮುಚ್ಚಿ, ಎಲ್ಲಕ್ಕಿಂತ ತೆಳ್ಳಗಿದ್ದ, ಎಲ್ಲಕ್ಕಿಂತ ಹರಿತವಾಗಿದ್ದ ಒಂದನ್ನು ಆರಿಸಿ ತಂದ. ಯಾತಕ್ಕೆ ಬೇಕೆಂದು ಕಂಬಾರ ಕೇಳಿದರೂ ಹೇಳಲಿಲ್ಲ. ಗಂಡಸು ಬಾಣಂತನಕ್ಕೆ ಕಟ್ಟಿಗೆ ಒಡೆಯುತ್ತಾನೆಂದು ಹೇಳಲು ನಾಚಿಕೆ. ಕೊಡಲಿಗೆ ಅರಿಶಿನ ಕುಂಕುಮ ಹಚ್ಚಿ, ಕಾಯಿ ಒಡೆದು, ಮೊದಲ ಏಟು ಹಾಕಿದ. ಕೊಡಲಿ ಸರ್ರನೆ ಒಳಗೆ ಹೋಯಿತು, ಅಲ್ಲೇ ಕೂತಿತು. ಎಳೆದರೆ ಬರಲೊಲ್ಲದು, ಬಡಿದರೆ ಇಳಿಯಲೊಲ್ಲದು. ಸಂಜೆಯ ತನಕ ಗುದ್ದಾಡಿದರೂ ಒಂದು ತುಂಡೂ ಸೀಳಲಿಲ್ಲ.

“ಈ ಕಟಗೀನ ಸರಿ ಇಲ್ಲ,” ಎಂದ. ಕುಣಿಯಲಾರದವಳಿಗೆ ನೆಲ ಡೊಂಕು ಎಂಬ ಗಾದೆ ನನ್ನ ನಾಲಿಗೆಯ ತುದಿಗೆ ಬಂದಿತ್ತು. ಅಪ್ಪನ ಮುಖ ನೋಡಿ ನುಂಗಿಕೊಂಡೆ.

ಮೂರನೆಯ ದಿನ ಸಿಕ್ಕಿಬಿದ್ದ ಕೊಡಲಿಯನ್ನು ಸಿಟ್ಟಿನಿಂದ ಜಗ್ಗಿದಾಗ ಅದರ ಕಾವು, ಎಂದರೆ ಮರದ ಹಿಡಿ, ಉದ್ದಕ್ಕೆ ಸೀಳಿ ಮುರಿಯಿತು. ಮುರಿದ ಸಿಬಿರು ಬಲಗೈ ಹೆಬ್ಬೆರಳಿನ ಮಾಂಸವನ್ನು ಹರಿದುಕೊಂಡು ಹೋಯಿತು. ನಾನು ಚೀರಿದೆ. ಆ ಚೀರಾಟ ಕೇಳಿ ಗೋಡೆಯಾಚೆಯ ಮನೆಯ ಮುಸಲ್ಮಾನರ ಹೆಂಗಸು, ನಾನು ಚಿಕ್ಕವ್ವನಂತೆ ‘ಖಾಲಾ’ ಎಂದು ಕರೆಯುತ್ತಿದ್ದವಳು, ಓಡಿ ಬಂದಳು. ಆಕೆಯ ಗಂಡ ಮದುವೆಗಳಿಗೆ ದೊಡ್ಡಡಿಗೆ ಮಾಡುವ ಬಾವರ್ಚಿ. ಅವನು ಅಡಿಗೆಯ ದೇಗಚಿಯ ಮುಂದೆ ನಿಂತರೆ ಹಿಂದೆ ಕಟ್ಟಿಗೆ ಸೀಳುವವಳು ಈಕೆ. ಅಪ್ಪನ ಬೆರಳಿಗೆ ಅರಿಶಿನ ತುಂಬಿ ಬಟ್ಟೆ ಕಟ್ಟಿದಳು. ಆಮೇಲೆ ಮುರಿದ ಕೊಡಲಿಯನ್ನು ನೋಡಿ ಹಣೆ ಬಡಿದುಕೊಂಡಳು.

“ಯಾ ಅಲ್ಲಾ! ಅಣ್ಣಾ, ಇದು ಟೊಂಗಿ ಕಡಿಯೋದು. ಸೀಳಾಕ ಬಿಲ್ಕುಲ್ ಬೇಕಾರ, ಉಪಯೋಗಿಲ್ಲ. ಬಾಗಲ ಸಂದ್ಯಾಗ ಸೂಜಿ ತುರಕಿದ್ರ ಬಾಗಲ ತೆರೀತದೇನು?”

“ಹರಿತ ಇತ್ತಲ್ಲವಾ,” ಎಂದ ಅಪ್ಪ, ಕೂಸಿನ ಹಾಗೆ.

“ಹರಿತ ಯಾರಿಗೆ ಬೇಕು? ಕೊಡ್ಲಿ ಎರಡೂ ಮಗ್ಗಲದ ಕೆನ್ನಿ ದಪ್ಪ ಇರಬೇಕು, ತೂಕ ಇರಬೇಕು. ಬಾಯಿ ಮೊಂಡ ಇದ್ರೂ ನಡೀತದ. ಒಳಗ ಹೋಗಿ ಎರಡೂ ಕಡೆ ದೂಡಬೇಕು. ಕುಡಗೋಲ ಆರಿಸಿದಂಗ ಆರಿಸಿ ತಂದೀಯಲ್ಲ! ಹಸೀದಿದ್ದಾಗ ಸೀಳಿದ್ರ ಬೆಣ್ಣಿ ಸೀಳಿದಂಗ ಸೀಳತಿತ್ತು. ಈಗ ಏನ್ ಮಾಡೂದು, ನಡಿ.”

ಮರುದಿನ ಅಪ್ಪ ಮತ್ತೆ ಕುಲುಮೆಗೆ ಹೋದ, ಈ ಸಲ ನಿಜ ಹೇಳಿದ. ಕಂಬಾರ ನಗಲಿಲ್ಲ, ಎರಡು ದಿನ ಕೂತು ಹಳೇ ಬಂಡಿಯ ಅಚ್ಚಿನ ಕಬ್ಬಿಣ ಕಾಸಿ ದಪ್ಪ ಕೆನ್ನೆಯ ಕೊಡಲಿ ಬಡಿದ. ಆದರೆ ಗಿರಾಕಿ ಯಾರು? ಮಸೆಯಲು ಕೊಟ್ಟ ಕುಡುಗೋಲನ್ನು ಹರಿತ ಸಾಲದೆಂದು ವರ್ಷವರ್ಷವೂ ಮರಳಿಸುವ ಮನುಷ್ಯ. ಆ ಹೆದರಿಕೆಗೆ ಕಂಬಾರ ಅದನ್ನೂ ಮಸೆದು ಕೂದಲು ಸೀಳುವಂತೆ ಮಾಡಿಟ್ಟಿದ್ದ. ಅಪ್ಪ ಅದರ ಬಾಯಿ ಬಡಿದು ಮೊಂಡ ಮಾಡಿಕೊಡೆಂದು ಕೇಳಿದ.

“ಏನಂದ್ರಿ? ನನ್ನ ಕುಲುಮಿಯಿಂದ ಮೊಂಡ ಕೊಡ್ಲಿ ಹೊರಗ ಹೋದ್ರ ಮಂದಿ ಏನಂತಾರ?”

“ನಾ ಆರಿಸೀನಿ ಅಂತ ಹೇಳೋ ಮಾರಾಯಾ. ಹೆಸರು ನನ್ನದ ಕೆಡ್ಲಿ.”

ಆ ಕೊಡಲಿಯನ್ನು ಅಪ್ಪ ಹೆಬ್ಬೆರಳಿನಿಂದ ನೋಡಲಿಲ್ಲ. ನೋಡೋಣವೆಂದರೆ ಬೆರಳಿಗೆ ಬಟ್ಟೆ ಸುತ್ತಿತ್ತು. ಎರಡೂ ಅಂಗೈಯಲ್ಲಿಟ್ಟು ತೂಗಿ ನೋಡಿ, ಹೆಗಲಿಗೇರಿಸಿಕೊಂಡು ಬಂದ. ಖಾಲಾ ಅಂಗಳದಲ್ಲಿ ನಿಂತು ತೋರಿಸಿದಳು: ಒಣಗಿದ ತುಂಡಿನ ತಲೆಯ ಮೇಲೆ ತಾನೇ ಬಿಟ್ಟುಕೊಂಡ ಬಿರುಕುಗಳಿರುತ್ತವೆ, ಏಟು ಅಲ್ಲೇ ಬೀಳಬೇಕು, ನಡುವಿಗಲ್ಲ, ಅಂಚಿನ ಕಡೆಯಿಂದ, ಗಂಟಿದ್ದ ಕಡೆ ಹೋಗಲೇಬಾರದು. ನಾನು ಹೊಸ್ತಿಲಲ್ಲಿ ಕೂತು ನೋಡುತ್ತಿದ್ದೆ. ಮೊದಲ ತುಂಡು ಎರಡು ಹೋಳಾಗಿ ಬಿದ್ದಾಗ ಒಳಗಿನ ಕೆಂಪು ಕಂಡಿತು. ಅಪ್ಪ ನನ್ನ ಕಡೆ ತಿರುಗಿ ಹಲ್ಲು ಕಿಸಿದ. ಅವ್ವ ಹೋದ ಮೇಲೆ ಅವನು ಹಾಗೆ ನಕ್ಕದ್ದು ನಾನು ಕಂಡಿರಲಿಲ್ಲ. ಬೆರಳಿನ ಗಾಯ ಮಾಯಲು ಬಿಡಲೇ ಇಲ್ಲ. ಬಟ್ಟೆ ನೆನೆದರೆ ಬದಲಿಸಿ ಮತ್ತೆ ಕೊಡಲಿ ಹಿಡಿಯುತ್ತಿದ್ದ. ನಿಲ್ಲಿಸೆಂದರೆ “ನಿಮ್ಮತ್ತಿ ನಿಲ್ತಾಳೇನು?” ಎನ್ನುತ್ತಿದ್ದ.

ಅತ್ತೆ ಹೇಳಿದಂತೆಯೇ ದೀಪಾವಳಿಯ ಪಾಡ್ಯ ಮುಗಿಸಿಕೊಂಡು ಬಂದಳು. ಬಂಡಿಯಲ್ಲಿ ಮೆತ್ತಗೆ ಹುಲ್ಲು ಹಾಸಿ, ಮೇಲೆ ಕೌದಿ ಹಾಸಿತ್ತು. ನನ್ನನ್ನು ಕರೆದೊಯ್ಯಲೆಂದೇ ಅದನ್ನು ಹಾಸಿದ್ದು. ನೀರು ಕೊಟ್ಟರೆ ಮುಟ್ಟದೆ ನೆಟ್ಟಗೆ ಹಿತ್ತಲಿಗೆ ನಡೆದಳು. ಗೋಡೆಯುದ್ದಕ್ಕೂ ಎದೆಯೆತ್ತರ ಜಾಲಿಯ ಸೀಳು ಒಟ್ಟಿತ್ತು. ಎರಡು ಸೀಳು ತೆಗೆದು ಒಂದಕ್ಕೊಂದು ಬಡಿದು ನೋಡಿದಳು, ಠಣ್ಣೆಂದವು. ಆಮೇಲೆ ಅಪ್ಪನ ಬೆರಳಿಗೆ ಸುತ್ತಿದ ಬಟ್ಟೆಯನ್ನು ಬಹಳ ಹೊತ್ತು ನೋಡಿದಳು.

“ಬೀಗ್ರ, ಬಾಣಂತಿಗೆ ಅಂಟಿನ ಉಂಡಿ ಕಟ್ಟಾಕ ಬರ್ತದೇನ್ರಿ?”

ಅಪ್ಪನ ಮುಖ ಇಳಿಯಿತು. “ಇಲ್ರಿ.”

“ಗೊತ್ತಿತ್ತು. ಕಟ್ಟಿ ತಂದೀನಿ,” ಎಂದು ಅತ್ತೆ ಬಂಡಿಯಿಂದ ಗಂಟು ಇಳಿಸಿದಳು. ಒಣಕೊಬ್ಬರಿ, ಉತ್ತತ್ತಿ, ಅಂಟು ಹಾಕಿ ಕಟ್ಟಿದ ಉಂಡೆಗಳು ಒಂದು ಬುಟ್ಟಿ ತುಂಬ ಇದ್ದವು. ಬಂಡಿಯ ಕೌದಿಯನ್ನೂ ನನ್ನ ಹೊರಸಿಗೆ ತಾನೇ ಹಾಸಿಕೊಟ್ಟು, ಮರುದಿನ ಬರೀ ಬಂಡಿಯಲ್ಲಿ ಕರಜಗಿಗೆ ಹೋದಳು. ಆಕೆಯ ಮೇಲೆ ಅಷ್ಟು ದಿನ ಒಳಗೊಳಗೇ ಸಿಟ್ಟಿಟ್ಟುಕೊಂಡಿದ್ದಕ್ಕೆ ನನಗೆ ಇವತ್ತಿಗೂ ನಾಚಿಕೆಯಾಗುತ್ತದೆ.

ನನಗೆ ಮಗಳು ಹುಟ್ಟಿದಳು. ಹೆಸರಿಡುವ ತನಕ ಗಂಡಸರು ಬಾಣಂತಿಯ ಕೋಣೆಗೆ ಬರುವಂತಿಲ್ಲ. ಆ ದಿನಗಳಲ್ಲಿ ಅಪ್ಪ ನನಗೆ ಕಾಣುತ್ತಿರಲಿಲ್ಲ, ಕೇಳುತ್ತಿದ್ದ. ಬೆಳಿಗ್ಗೆ ಹಿತ್ತಲಲ್ಲಿ ದೊಡ್ಡ ಸೀಳನ್ನು ಸಣ್ಣ ಮಾಡುವ ಏಟು ಬಿದ್ದರೆ ಇನ್ನೇನು ನೀರು ಕಾಯುತ್ತದೆ ಎಂದು ತಿಳಿಯುತ್ತಿತ್ತು. ಸೂಲಗಿತ್ತಿ ಆ ಸುಡುನೀರನ್ನು ಬೆನ್ನ ಮೇಲೆ ಸುರಿದಾಗ ಮೈಯ ನೋವೆಲ್ಲ ಇಳಿದು ಹೋಗುತ್ತಿತ್ತು. ಖಾಲಾ ಕೆಂಡ ತಂದು ಹೊರಸಿನ ಕೆಳಗಿಟ್ಟು, “ಜಾಲಿ ಕೆಂಡ ಬೇ, ಮುಂಜಾನಿ ಹಾಕಿದ್ದು ಮಧ್ಯಾಹ್ನ ತನಕ ಇರ್ತದ,” ಎನ್ನುತ್ತಿದ್ದಳು. ತಾಯಿ ಇದ್ದಿದ್ದರೆ ಇದಕ್ಕಿಂತ ಹೆಚ್ಚೇನು ಮಾಡುತ್ತಿದ್ದಳೋ ನನಗೆ ತಿಳಿಯದು. ನನಗೆ ಯಾವುದೂ ಕಡಿಮೆಯಾಗಲಿಲ್ಲ.

ಜೋಳದ ಸುಗ್ಗಿ ಬಂದಾಗ ನಾನಿನ್ನೂ ತವರಲ್ಲೇ ಇದ್ದೆ. ಊರವರು ಬಂಡಿ ಕಟ್ಟಿಕೊಂಡು ಬಂದು ಅಪ್ಪನನ್ನು ಸಂತೆಗೆ ಕರೆದರು. ಮನೆಯಲ್ಲಿ ಕೂಸಿದೆ, ಬರಲಾಗುವುದಿಲ್ಲ ಎಂದ. ಮೊಮ್ಮಗಳು ಬಂದಳು, ಮುದುಕ ಕೆಟ್ಟ ಎಂದು ಚೇಷ್ಟೆ ಮಾಡಿ ಹೋದರು. ಮಧ್ಯಾಹ್ನ ಕೂಸನ್ನೆತ್ತಿಕೊಂಡು ಹಿತ್ತಲಿಗೆ ಹೋದರೆ ಅಪ್ಪ ಮನೆಯ ಹಳೇ ಕುಡುಗೋಲು ಹಿಡಿದು ಕೂತಿದ್ದ. ಬಲ ಹೆಬ್ಬೆರಳು ಸವರಿದ, ಕಣ್ಣು ಮುಚ್ಚಿದ, ತೆರೆದ. ಮತ್ತೆ ಸವರಿದ.

“ಯಾಕಪ್ಪಾ?” ಎಂದೆ.

“ತಿಳಿವಲ್ದು ಬೇ. ಗಾಯ ಮಾದು ಚರ್ಮ ದಪ್ಪ ಆಗ್ಯಾದ. ಹರಿತ ಯಾವ್ದು, ಮೊಂಡ ಯಾವ್ದು, ಎಲ್ಲಾ ಒಂದೇ.”

ನನಗೆ ಅಳು ತಡೆಯಲಾಗಲಿಲ್ಲ. “ನನ್ನ ಸಲುವಾಗಿ ಹೋತಲ್ಲಪ್ಪಾ,” ಎಂದೆ.

“ಹುಚ್ಚಿ! ಕುಡಗೋಲ ಊರಾಗ ಯಾರರೆ ಆರಸ್ತಾರ. ನಿನ್ನ ನೀರ ಯಾರು ಕಾಯಸ್ತಿದ್ರು?”

ಕುಡುಗೋಲನ್ನು ಪಕ್ಕಕ್ಕಿಟ್ಟು ಆ ಬೆರಳನ್ನು ಕೂಸಿನ ಮುಂದೆ ಹಿಡಿದ. ಅವಳು ಮುಷ್ಟಿಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡಳು. ಅಪ್ಪ ಸಂತೆಯಲ್ಲಿ ಮುಚ್ಚುತ್ತಿದ್ದಂತೆಯೇ ಕಣ್ಣು ಮುಚ್ಚಿದ.

“ಇದು ತಿಳೀತದ ನೋಡು,” ಎಂದ.