ಖಾಲಿ ಮಾಡಿ ತೋರಿಸಿದ ಮನೆ

ಚಾಮರಾಜನಗರದಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಪುಟ್ಟಸಿದ್ದಮ್ಮ ಹಳೆಯ ಹೆಂಚಿನ ಮನೆಯೊಂದರ ಬೀಗ ತೆಗೆದು, ಒಳಗೆಲ್ಲೂ ನಿಲ್ಲದೆ ಸೀದಾ ಹಿತ್ತಲಿಗೆ ನಡೆದು ನಲ್ಲಿ ತಿರುಗಿಸುತ್ತಾರೆ. ಮೊದಲು ಗಾಳಿ, ಆಮೇಲೆ ನೀರು. ಮನೆ ಕೊಳ್ಳಲು ಬಂದಿರುವ ಕುಮಾರಸ್ವಾಮಿ, ಅವರ ಹೆಂಡತಿ ಶಿವರಂಜನಿ ಹಿಂದೆ ನಿಂತು ನೋಡುತ್ತಾರೆ.

"ನೀರು ಬುಡೋ ಹೊತ್ಗೇ ಮನ ನೋಡ್ಬೇಕು ಕಣವ್ವ. ಬಿಸ್ಲು ಏರ್ದ ಮ್ಯಾಲ ಬಂದ್ರ ಎಲ್ಲಾ ಮನನೂ ಚೆಂದಾಗೇ ಕಾಣ್ತವ," ಎನ್ನುತ್ತಾರೆ ಪುಟ್ಟಸಿದ್ದಮ್ಮ.

ಐವತ್ತು ದಾಟಿದ ಈ ಹೆಂಗಸು ಮನೆ ದಲ್ಲಾಳಿ. ಊರಿನವರ ಬಾಯಲ್ಲಿ ಬ್ರೋಕರ್ ಸಿದ್ದಮ್ಮ. ಇವತ್ತು ತೋರಿಸುತ್ತಿರುವ ಮನೆ ಮಾತ್ರ ಅವರಿಗೆ ಬೇರೆ ಮನೆಗಳಂತಲ್ಲ. ಹನ್ನೊಂದು ವರ್ಷ ಇದೇ ಮನೆಯಲ್ಲಿ ಬಾಡಿಗೆಗಿದ್ದು, ಹೋದ ವಾರವಷ್ಟೇ ಖಾಲಿ ಮಾಡಿದ್ದಾರೆ.

ಹುಟ್ಟೂರು ಸಂತೆಮರಹಳ್ಳಿಯ ಪಕ್ಕ. ಗಂಡ ತೀರಿಕೊಂಡ ಮೇಲೆ ತಲೆಯ ಮೇಲೆ ಸೊಪ್ಪಿನ ಕುಕ್ಕೆ ಹೊತ್ತು ಇಲ್ಲಿನ ಬೀದಿಗಳನ್ನು ಸುತ್ತಿದವರು. ಸೊಪ್ಪು ಮಾರುವವಳಿಗೆ ತಿಳಿಯದ ಮನೆಯುಂಟೆ? ಯಾರ ಮನೆ ಖಾಲಿ, ಯಾರ ಬಾವಿಯಲ್ಲಿ ನೀರಿದೆ, ಯಾವ ಅಣ್ಣತಮ್ಮಂದಿರ ನಡುವೆ ಪಾಲಿನ ತಕರಾರು, ಎಲ್ಲವೂ ಕುಕ್ಕೆಯ ಜೊತೆಗೇ ತಲೆಗೇರಿತು. ಬಾಡಿಗೆ ಮನೆ ತೋರಿಸಿ ಎಂದು ಒಬ್ಬರು ಕೇಳಿದರು, ಆಮೇಲೆ ಇನ್ನೊಬ್ಬರು. ಈಗ ವಾರಕ್ಕೆರಡು ಸಲ ಬಸ್ಸು ಹತ್ತಿ ಗುಂಡ್ಲುಪೇಟೆಗೂ ಹೋಗಿ ಬರುತ್ತಾರೆ. ಅಲ್ಲಿ ಕೇರಳದ ಕಡೆಯಿಂದ ಬರುವ ಗಿರಾಕಿಗಳ ಜೊತೆ ಅರೆಬರೆ ಮಲಯಾಳದಲ್ಲೇ ವ್ಯಾಪಾರ ಮಾತಾಡುತ್ತಾರೆ. ಇಪ್ಪತ್ತು ಮನೆ ತೋರಿಸಿದರೆ ಒಂದು ಕುದುರೀತು. ಉಳಿದ ಹತ್ತೊಂಬತ್ತಕ್ಕೆ ಸವೆದದ್ದು ಚಪ್ಪಲಿ.

ಮಾರುವವರಿಂದ ನೂರಕ್ಕೆ ಒಂದು ರೂಪಾಯಿ ಕಮಿಷನ್, ಕೊಳ್ಳುವವರಿಂದಲೂ ಅಷ್ಟೇ. ಈ ಮಾತನ್ನು ಬೀಗ ತೆಗೆಯುವ ಮೊದಲೇ ಇಬ್ಬರಿಗೂ ಹೇಳಿಬಿಡುವುದು ಅವರ ಪದ್ಧತಿ. ಆದರೆ ಬೆಲೆ ಕೊನೆಯ ಹಂತಕ್ಕೆ ಬಂದು ಜಗ್ಗದೆ ನಿಂತಾಗ ಎರಡೂ ಕಡೆಯವರಿಗೆ ಮೊದಲು ಕಾಣುವುದು ದಲ್ಲಾಳಿಯ ಕೂಲಿ. ಸಿದ್ದಮ್ಮ ಬಿಟ್ಟುಕೊಟ್ಟರೆ ವ್ಯಾಪಾರ ಆಗುತ್ತದೆ ಎನ್ನುತ್ತಾರೆ. ರಿಜಿಸ್ಟ್ರಿ ಮುಗಿದ ಮೇಲಂತೂ ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು. ಎಷ್ಟೋ ಜನ ಫೋನೇ ಎತ್ತುವುದಿಲ್ಲ. ಬ್ರೋಕರ್ ಎಂದರೆ ಮೂಗು ಮುರಿಯುವ ನಾವು ಇದನ್ನು ಮಾತ್ರ ಮೋಸ ಎನ್ನುವುದಿಲ್ಲ.

ಮನೆಯ ಒಡತಿ ಶಿವರುದ್ರಮ್ಮ ಇರುವುದು ಗುಂಡ್ಲುಪೇಟೆಯಲ್ಲಿ. ಈ ಮನೆ ಮಾರಿಕೊಡು ಎಂದು ಅವರು ಹೇಳಿದಾಗ ಪುಟ್ಟಸಿದ್ದಮ್ಮನಿಗೆ ಎರಡು ರಾತ್ರಿ ನಿದ್ದೆ ಬರಲಿಲ್ಲ. ಸೂರು ಹೋಗುವ ಚಿಂತೆ ಒಂದು ಕಡೆ. ಅದಕ್ಕಿಂತ ದೊಡ್ಡದು ಅಡುಗೆಮನೆಯ ಹಿಂಗೋಡೆ. ಮಳೆಗಾಲದಲ್ಲಿ ಅದರಲ್ಲಿ ಸೊಂಟದ ಮಟ್ಟಕ್ಕೆ ತೇವ ಏರಿ ಸುಣ್ಣ ಉದುರುತ್ತದೆ. ಮನೆಯ ಹುಳುಕು ಮುಚ್ಚಿ ಅವರು ಎಂದೂ ಮಾರಿದವರಲ್ಲ.

"ಗ್ವಾಡ ಸರಿಯಿಲ್ಲ ಅಂದ್ರ, ಇವ್ಳು ಇಲ್ಲೇ ಇರಕ್ಕ ವ್ಯಾಪಾರ ಕೆಡುಸ್ತಾವ್ಳ ಅಂತಾರ. ಸುಮ್ಕ ಇದ್ರ ಕೊಂಡೋರ್ಗ ದ್ರೋಹ. ಅದ್ಕ ಮೊದ್ಲು ಖಾಲಿ ಮಾಡ್ಬುಟ್ಟೆ. ಈಗ ನಾನು ಏಳೋ ಮಾತ್ಗ ಬೆಲ ಅದ."

ಎರಡು ಆಟೊ ಸಾಮಾನು. ಹೋಗಿ ಸೇರಿದ್ದು ಒಂದೇ ಕೋಣೆಯ ಮನೆಗೆ, ಹೆಚ್ಚಿನ ಬಾಡಿಗೆಗೆ. ಅಲ್ಲಿಯ ಮುಂಗಡಕ್ಕೆ ಸಾಲ ತಂದಿದ್ದಾರೆ. ಈ ವ್ಯಾಪಾರ ಕುದುರಿ ಎರಡೂ ಕಡೆಯ ಕಮಿಷನ್ ಕೈಸೇರಿದರಷ್ಟೇ ಅದು ತೀರುತ್ತದೆ. ಇದನ್ನು ಅವರು ಕೊಳ್ಳುವವರಿಗೂ ಹೇಳಿಲ್ಲ, ಒಡತಿಗೂ ಹೇಳಿಲ್ಲ.

ಈಗ ಅವರೇ ಶಿವರಂಜನಿಯ ಕೈ ಹಿಡಿದು ಹಿಂಗೋಡೆಗೆ ಒತ್ತಿಸುತ್ತಾರೆ. "ಇಲ್ಲಿ ಮುಟ್ಟು ಮಗಾ. ಮಳಗಾಲ್ದಲ್ಲಿ ನೀರು ಏರ್ತದ. ರಿಪೇರಿ ಖರ್ಚು ಸೇರ್ಸ್ಕಂಡು ಬೆಲ ಕೇಳಿ."

ಕುಮಾರಸ್ವಾಮಿ ಬದನಗುಪ್ಪೆಯ ಕಾರ್ಖಾನೆಯಲ್ಲಿ ಕೆಲಸ ಮಾಡುವವರು. ಮೂರು ಮನೆ ನೋಡಿ ಬಂದಿದ್ದಾರೆ. "ಇದ್ನ ಏಳ್ದ ಬ್ರೋಕರ್ ನೀವೊಬ್ರೇ ಕಣಕ್ಕ," ಎನ್ನುತ್ತಾರೆ.

ಹೊತ್ತು ಏರುವ ವೇಳೆಗೆ ಶಿವರುದ್ರಮ್ಮ ಬಸ್ಸಿಳಿದು ಬರುತ್ತಾರೆ. ಜಗಲಿಯ ಮೇಲೆ ಮಾತು ನಡೆಯುತ್ತದೆ. ಗೋಡೆಯ ಹೆಸರಿನಲ್ಲಿ ಬೆಲೆ ಇಳಿಯುತ್ತದೆ, ವ್ಯಾಪಾರ ಕುದುರುತ್ತದೆ, ಮುಂಗಡ ಕೈ ಬದಲಾಗುತ್ತದೆ. ಕುಮಾರಸ್ವಾಮಿ ತಮ್ಮ ಪಾಲಿನ ಕಮಿಷನ್ ಅಲ್ಲೇ ಕೊಡುತ್ತಾರೆ. ಶಿವರುದ್ರಮ್ಮನ ಮುಖ ಮಾತ್ರ ಬಿಗಿದೇ ಇದೆ.

"ನನ್ ಬೆಲ ಇಳ್ಸಿದ್ದೂ ಅಲ್ದೆ ನನ್ ತಾವೇ ಕಮಿಷನ್ನಾ? ಅನ್ನೊಂದು ವರ್ಷ ಬಾಡ್ಗ ಏರುಸ್ನಿಲ್ಲ ನಾನು. ಅರ್ಧ ಕೊಡ್ತೀನಿ, ತಕಾ."

"ಅದ್ನ ನಾನು ಮರ್ತಿಲ್ಲ ಕಣಕ್ಕ, ಸಾಯೋಗಂಟ ನೆನಿತೀನಿ. ಅದು ನಿನ್ ಉಪ್ಕಾರ, ಇದು ನನ್ ಕೂಲಿ. ಅರ್ಧ ತಕಂಡ್ರ, ಗ್ವಾಡ ತೋರ್ಸಿದ್ದು ನನ್ ತಪ್ಪು ಅಂತ ನಾನೇ ಒಪ್ಕಂಡಂಗಾಯ್ತದ. ಕೊಡಂಗಿದ್ರ ಪೂರ್ತಿ ಕೊಡು. ಇಲ್ದಿದ್ರ ಆ ಅರ್ಧನೂ ಬ್ಯಾಡ, ನಿನ್ ಬಾಡ್ಗ ಋಣಕ್ಕ ಅಂದ್ಕತೀನಿ."

"ನನ್ ಕಡಿಂದ ಇನ್ನಷ್ಟು ಸೇರುಸ್ತೀನಿ ಬುಡಿ," ಎಂದು ಕುಮಾರಸ್ವಾಮಿ ನಡುವೆ ಬಾಯಿ ಹಾಕುತ್ತಾರೆ. "ನಿನ್ ಪಾಲು ಮುಗೀತು ಕಣಪ್ಪ," ಎಂದು ಪುಟ್ಟಸಿದ್ದಮ್ಮ ತಡೆಯುತ್ತಾರೆ.

ಶಿವರುದ್ರಮ್ಮ ಮುಂಗಡದ ಹಣ ಕೈಗೆತ್ತಿಕೊಳ್ಳುತ್ತಾರೆ. ಆಮೇಲೆ, "ಈಗ ಎಲ್ಲಿದ್ದೀಯಮ್ಮಿ?" ಎಂದು ಕೇಳುತ್ತಾರೆ. ಪುಟ್ಟಸಿದ್ದಮ್ಮ ಬೀದಿಯ ಹೆಸರು ಹೇಳುತ್ತಾರೆ. "ಬಾಡ್ಗ ಜಾಸ್ತಿಯಾ?" "ಜಾಸ್ತಿನೇ." ಒಡತಿ ಬಂದ ಮುಂಗಡದಿಂದಲೇ ಪೂರ್ತಿ ಕಮಿಷನ್ ಎಣಿಸಿ ಕೈಗಿಡುತ್ತಾರೆ.

ಈ ಕಸುಬಿನಲ್ಲಿ ನಿಮಗೇನು ಆಸೆ ಎಂದು ನಾವು ಕೇಳಿದರೆ ಪುಟ್ಟಸಿದ್ದಮ್ಮ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾರೆ. "ಕಮಿಷನ್ಗ ಕೊಸರಾಡ್ಬ್ಯಾಡಿ ಅಂತ ನಾನು ಅನ್ನಲ್ಲ ಕಣಪ್ಪ. ಕೊಸರಾಡ್ಲಿ, ಅದೂ ಅವ್ರು ದುಡ್ದಿರೋ ಕಾಸೇ. ಕೊಡೋವಾಗ ಮಾತ್ರ ಭಿಕ್ಷ ಆಕ್ದಂಗ ಕೊಡ್ಬ್ಯಾಡಿ, ಕೂಲಿ ಕೊಟ್ಟಂಗ ಕೊಡಿ."